ಟೊಮೆಟೊ: ಯಾವ ಸಸಿ ಎಂದು ಕೇಳುವ ಮೊದಲು ಹೋದ ಬೆಳೆ ಯಾವುದರಿಂದ ಹೋಯಿತು ನೋಡಿ

ಡಿಸೆಂಬರ್ ಮುಗಿಯುತ್ತ ಬಂದರೆ ಸಾಕು, ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ ಕಡೆಯ ನೆಂಟರು ಒಬ್ಬೊಬ್ಬರಾಗಿ ಫೋನು ಮಾಡುತ್ತಾರೆ. ಮಾತು ಒಂದೇ: ‘ಈ ಸಲ ಯಾವ ಸಸಿ ಹಾಕೋಣಪ್ಪ?’ ಜನವರಿಯಿಂದ ಮಾರ್ಚ್ ಒಳಗೆ ನಾಟಿಯಾದರೆ ಬೇಸಿಗೆ ಕಳೆದು ಮುಂಗಾರು ಹಿಡಿಯುವ ಹೊತ್ತಿಗೆ ಕೋಲಾರದ ಮಂಡಿಗೆ ಕಾಯಿ ಹೋಗುತ್ತದೆ ಎನ್ನುವುದು ನಮ್ಮ ಸೀಮೆಯ ಲೆಕ್ಕ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿದ್ದನ್ನು ಯಾರೂ ಮರೆತಿಲ್ಲ. ಗಾಡಿ ಬಾಡಿಗೆಯೂ ಹುಟ್ಟದೆ ರಸ್ತೆ ಬದಿಗೆ ಸುರಿದು ಬಂದ ವರ್ಷಗಳನ್ನು ಮಾತ್ರ ಎಲ್ಲರೂ ಬೇಗ ಮರೆಯುತ್ತಾರೆ.

ನಾನು ತಳಿಯ ಹೆಸರು ಹೇಳುವುದಿಲ್ಲ. ‘ಹೋದ ಸಲ ನಿಮ್ಮ ತೋಟ ಯಾವುದರಿಂದ ಹೋಯ್ತು ದೊಡ್ಡಪ್ಪ?’ ಎಂದು ತಿರುಗಿ ಕೇಳುತ್ತೇನೆ. ‘ರೋಗ ಬಂತು’ ಅನ್ನುತ್ತಾರೆ. ಯಾವ ರೋಗ? ಅಲ್ಲಿಗೆ ಮಾತು ನಿಲ್ಲುತ್ತದೆ. ಬೆಳೆ ಸತ್ತ ಕಾರಣ ಗೊತ್ತಿಲ್ಲದೆ ಹೊಸ ಸಸಿ ಆರಿಸುವುದು, ಹೊಟ್ಟೆನೋವೋ ತಲೆನೋವೋ ಹೇಳದೆ ಅಂಗಡಿಯಲ್ಲಿ ಮಾತ್ರೆ ಕೇಳಿದ ಹಾಗೆ. ಸುಧಾರಿತ ತಳಿ, ಸರ್ಕಾರಿ ಸಂಸ್ಥೆಯ ಹೈಬ್ರಿಡ್, ಕಂಪನಿ ಹೈಬ್ರಿಡ್, ಕಸಿ ಸಸಿ, ಪರದೆ, ನೆಲ ಮುಚ್ಚುವ ಮಲ್ಚಿಂಗ್ ಹಾಳೆ ಎಲ್ಲವೂ ಒಂದೊಂದು ಕಾಯಿಲೆಯ ಮದ್ದು. ಒಂದರ ಮದ್ದು ಇನ್ನೊಂದಕ್ಕೆ ಹತ್ತುವುದಿಲ್ಲ.

ನೆಲದ ರೋಗವೋ, ಗಾಳಿಯ ರೋಗವೋ

ಟೊಮೆಟೊದ ಕಷ್ಟಗಳನ್ನು ನಾನು ಎರಡು ರಾಶಿ ಮಾಡುತ್ತೇನೆ. ಒಂದು ನೆಲದಿಂದ ಏರುವುದು, ಇನ್ನೊಂದು ಗಾಳಿಯಲ್ಲಿ ತೇಲಿ ಬರುವುದು. ಆಯ್ಕೆಯ ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ.

ನೆಲದ ರೋಗಗಳಲ್ಲಿ ದೊಡ್ಡದು ದುಂಡಾಣು ಸೊರಗು ರೋಗ. ರಾಲ್‌ಸ್ಟೋನಿಯಾ ಎನ್ನುವ ಬ್ಯಾಕ್ಟೀರಿಯಾ ಬೇರಿನ ಗಾಯದಿಂದ ಒಳಹೊಕ್ಕು, ನೀರೇರುವ ನಾಳಗಳಲ್ಲಿ ತುಂಬಿಕೊಳ್ಳುತ್ತದೆ. ಕಾಯಿ ಹೊತ್ತು ಹಸಿರಾಗಿ ನಿಂತ ಗಿಡ ಮಧ್ಯಾಹ್ನ ಬಾಡುತ್ತದೆ, ಸಂಜೆಗೆ ಸುಧಾರಿಸಿಕೊಂಡಂತೆ ಕಾಣುತ್ತದೆ, ಮೂರು ನಾಲ್ಕು ದಿನದಲ್ಲಿ ಎಲೆ ಹಳದಿಯಾಗುವುದಕ್ಕೂ ಮೊದಲೇ ಸಾಯುತ್ತದೆ. ಅನುಮಾನವಿದ್ದರೆ ಮನೆಯಲ್ಲೇ ಪರೀಕ್ಷೆ ಮಾಡಬಹುದು. ಬುಡದ ಹತ್ತಿರ ಎರಡು ಮೂರು ಅಂಗುಲ ಕಾಂಡ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವಂತೆ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಕತ್ತರಿಸಿದ ತುದಿಯಿಂದ ಊದುಬತ್ತಿ ಹೊಗೆಯ ಹಾಗೆ ಬಿಳಿ ಎಳೆ ಇಳಿದರೆ ಅದೇ ದುಂಡಾಣು ಸೊರಗು. ಎಳೆ ಬರದೆ, ಕೆಳಗಿನ ಎಲೆಗಳು ಮೊದಲು ಹಳದಿಯಾಗಿ, ಕಾಂಡ ಸೀಳಿದರೆ ಒಳಗೆ ಕಂದು ಗೆರೆ ಕಂಡರೆ ಶಿಲೀಂಧ್ರದಿಂದ ಬರುವ ಸೊರಗು. ಸತ್ತ ಗಿಡವನ್ನು ಕಿತ್ತಾಗ ಬೇರನ್ನೂ ತೊಳೆದು ನೋಡಿ. ಗಂಟುಗಂಟಾಗಿದ್ದರೆ ಬೇರುಗಂಟು ಜಂತುಹುಳು ಇದೆ ಎಂದರ್ಥ. ಹುಳು ಮಾಡುವ ಗಾಯವೇ ಬ್ಯಾಕ್ಟೀರಿಯಾಕ್ಕೆ ಬಾಗಿಲು. ‘ರೋಗ ನಿರೋಧಕ ಅಂತ ಹಾಕಿದೆ, ಅದೂ ಸೊರಗಿತು’ ಎಂದು ದೂರುವವರ ತಾಕಿನಲ್ಲಿ ಬಹಳ ಸಲ ಈ ಗಂಟೇ ಸಿಗುತ್ತದೆ.

ಗಾಳಿಯ ರೋಗಗಳಲ್ಲಿ ನಮ್ಮನ್ನು ಹಾಳು ಮಾಡಿದ್ದು ಎಲೆ ಮುಟುರು ನಂಜು. ಇದನ್ನು ಹರಡುವುದು ಬಿಳಿ ನೊಣ. 1999ರಲ್ಲಿ ಬಿಳಿ ನೊಣದ ‘ಬಿ’ ಎಂಬ ಪರದೇಶಿ ಬಗೆ ಭಾರತದಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಕೋಲಾರ ಜಿಲ್ಲೆಯಲ್ಲೇ. ಈ ಖ್ಯಾತಿ ನಮಗೆ ಬೇಕಿರಲಿಲ್ಲ. ನಾಟಿಯಾಗಿ ಮೊದಲ ನಾಲ್ಕೈದು ವಾರದೊಳಗೆ ನಂಜು ತಗುಲಿದ ಗಿಡ ಮುದುಡಿ, ಕುಳ್ಳಗಾಗಿ, ಹೂ ಉದುರಿಸಿ ನಿಂತುಬಿಡುತ್ತದೆ. ಕಾಯಿ ಕಟ್ಟಿದ ಮೇಲೆ ತಗುಲಿದರೆ ನಷ್ಟ ಅಷ್ಟಿಲ್ಲ. ಹಾಗಾಗಿ ಎಲೆ ಮುಟುರಿನ ಯುದ್ಧ ಗೆಲ್ಲುವುದಾದರೆ ಆ ಮೊದಲ ತಿಂಗಳಲ್ಲೇ ಗೆಲ್ಲಬೇಕು.

ಇದರ ಜೊತೆಗೆ ಕಲಸಿಹೋಗುವುದು ಥ್ರಿಪ್ಸ್ ಎಂಬ ಪುಟ್ಟ ಕೀಟದಿಂದ ಬರುವ ಮೊಗ್ಗು ಒಣಗುವ ನಂಜು. ಕಡಲೆಕಾಯಿಗೂ ಬರುವ ನಂಜೇ ಇದು. ಇಲ್ಲಿ ಎಲೆ ಮುದುಡುವುದಕ್ಕಿಂತ ಕಂಚಿನ ಬಣ್ಣದ ಚುಕ್ಕೆ, ಕುಡಿ ಸುಟ್ಟಂತೆ ಕಪ್ಪಾಗುವುದು, ಕಾಯಿಯ ಮೇಲೆ ಬಳೆಬಳೆಯ ಗುರುತು ಮುಖ್ಯ. ಎರಡನ್ನೂ ಬೇರೆ ಮಾಡಿ ನೋಡಲೇಬೇಕು. ಎಲೆ ಮುಟುರಿಗೆ ತಡೆದುಕೊಳ್ಳುವ ಸಸಿ ದುಡ್ಡು ಕೊಟ್ಟರೆ ಸಿಗುತ್ತದೆ. ಮೊಗ್ಗು ಒಣಗುವ ನಂಜಿಗೆ ಅದೇ ಸಸಿಯಿಂದ ಏನೂ ಉಪಯೋಗವಿಲ್ಲ.

ಎಲೆ ಸುಟ್ಟಂತೆ ಮಾಡುವ ಅಂಗಮಾರಿ ರೋಗವೂ ಎರಡು. ಕೆಳಗಿನ ಎಲೆಯಲ್ಲಿ ಗುರಿಹಲಗೆಯಂತೆ ಒಂದರೊಳಗೊಂದು ಸುತ್ತುಗಳಿರುವ ಕಂದು ಮಚ್ಚೆ ಕಂಡರೆ ಮೊದಲ ಅಂಗಮಾರಿ. ಮಂಜು, ಜಿಟಿಜಿಟಿ ಮಳೆ, ತಂಪು ಸೇರಿದಾಗ ಇಡೀ ತಾಕು ಎರಡು ಮೂರು ದಿನದಲ್ಲಿ ಬಿಸಿನೀರು ಸುರಿದಂತೆ ಕಪ್ಪಾದರೆ ಕೊನೆಯ ಅಂಗಮಾರಿ. ಆಲೂಗಡ್ಡೆಗೂ ಅದೇ ಬರುತ್ತದೆ. 2009–10ರ ಸುಮಾರಿಗೆ ದಕ್ಷಿಣದ ರಾಜ್ಯಗಳಲ್ಲಿ ಇದು ಜೋರಾಗಿ ಎದ್ದಾಗ, ಯುರೋಪಿನಲ್ಲಿ ಹರಡಿದ್ದ 13_ಎ2 ಎನ್ನುವ ಉಗ್ರ ಬಗೆಯೇ ಇಲ್ಲೂ ಬಂದಿದೆ ಎಂದು ವಿಜ್ಞಾನಿಗಳು ಗುರುತಿಸಿದರು.

ಸುಧಾರಿತ ತಳಿ: ಖರ್ಚು ಕಡಿಮೆ, ಬೀಜ ನಿಮ್ಮದೇ

ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳಿಗೆಲ್ಲ ‘ಅರ್ಕಾ’ ಎಂಬ ಮುಂಹೆಸರು ಇರುತ್ತದೆ, ಅಲ್ಲಿನ ಅರ್ಕಾವತಿ ಹೊಳೆಯ ಗುರುತಿಗೆ. ಹಳಬರ ಬಾಯಲ್ಲಿ ಇನ್ನೂ ಇರುವುದು ಅರ್ಕಾ ವಿಕಾಸ್. ಅಮೆರಿಕದ ಟಿಪ್‌ಟಾಪ್ ಎಂಬ ತಳಿಯಿಂದ ಆರಿಸಿ ತೆಗೆದದ್ದು. ನೀರು ಕೈಕೊಟ್ಟರೂ ಸ್ವಲ್ಪ ತಾಳಿಕೊಳ್ಳುತ್ತದೆ. ಅದರ ಮಗಳಂತಿರುವ ಅರ್ಕಾ ಮೇಘಾಲಿಯನ್ನು ಮಳೆ ನಂಬಿ ಬೆಳೆಯುವವರಿಗೆಂದೇ ಮಾಡಿದ್ದು. ಎಲೆ ಮುಟುರು ಕೋಲಾರವನ್ನು ಹಿಡಿದುಕೊಂಡ ಮೇಲೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯವು 2000ದ ದಶಕದ ಮೊದಲ ವರ್ಷಗಳಲ್ಲಿ ಸಂಕ್ರಾಂತಿ, ನಂದಿ, ವೈಭವ್ ಎಂಬ ಮೂರು ತಳಿ ಕೊಟ್ಟಿತು. ಮೂರೂ ಆ ನಂಜನ್ನು ತಡೆಯುವಂಥವು, ಮೂರೂ ಹೈಬ್ರಿಡ್ ಅಲ್ಲ. ಅಂದರೆ ಒಳ್ಳೆಯ ಗಿಡದ ಹಣ್ಣು ಕಿವುಚಿ, ಒಂದೆರಡು ದಿನ ಹುಳಿಯಲು ಬಿಟ್ಟು, ತೊಳೆದು, ನೆರಳಲ್ಲಿ ಒಣಗಿಸಿದರೆ ಮುಂದಿನ ವರ್ಷದ ಬೀಜ ಮನೆಯಲ್ಲೇ ತಯಾರು.

ಇವುಗಳ ಮಿತಿ ಇಳುವರಿ ಮತ್ತು ಸಿಪ್ಪೆ. ಅರ್ಕಾ ವಿಕಾಸ್‌ಗೆ ಸಂಸ್ಥೆ ಹೇಳುವ ಇಳುವರಿ ಹೆಕ್ಟೇರಿಗೆ 35–40 ಟನ್. ನಮ್ಮ ಲೆಕ್ಕಕ್ಕೆ ಇಳಿಸಿದರೆ ಎಕರೆಗೆ ಸುಮಾರು ಸಾವಿರ ಬಾಕ್ಸು, ಅದೂ ಎಲ್ಲ ಸರಿಯಾಗಿ ನಡೆದರೆ. ಹಣ್ಣು ಮೆತ್ತಗೆ, ದೂರದ ಲಾರಿಗೆ ಆಗುವುದಿಲ್ಲ. ದೆಹಲಿ, ಕೋಲ್ಕತ್ತಕ್ಕೆ ಕಳಿಸುವ ವ್ಯಾಪಾರಿ ಹರಾಜಿನಲ್ಲಿ ಬೆರಳಿಂದ ಒಮ್ಮೆ ಒತ್ತಿ ನೋಡಿ ಮುಂದಿನ ರಾಶಿಗೆ ಹೋಗುತ್ತಾನೆ.

ಆದರೂ ಇವನ್ನು ತಳ್ಳಿಹಾಕಬೇಡಿ. ಬೆಂಗಳೂರಿನ ತರಕಾರಿ ಅಂಗಡಿಯಲ್ಲಿ ‘ನಾಟಿ’, ‘ಫಾರಂ’ ಎಂದು ಎರಡು ಬುಟ್ಟಿ ಬೇರೆ ಇಡುತ್ತಾರಲ್ಲ, ಸಾರಿಗೆ ಹುಳಿ ಬೇಕೆನ್ನುವವರ ಕೈ ಮೊದಲನೆಯ ಬುಟ್ಟಿಗೇ ಹೋಗುತ್ತದೆ. ಅರ್ಧ ಎಕರೆ, ಹತ್ತಿರದ ಸಂತೆ, ಮನೆಮಂದಿಯೇ ಕೂಲಿ ಎನ್ನುವವರಿಗೆ, ಕೈಯಲ್ಲಿ ದುಡ್ಡಿಲ್ಲದ ವರ್ಷಕ್ಕೆ, ಕೋಲು ನೆಟ್ಟು ತಂತಿ ಕಟ್ಟುವ ಶಕ್ತಿಯಿಲ್ಲದವರಿಗೆ ಈ ತಳಿಗಳೇ ಸರಿ.

ಸರ್ಕಾರಿ ಹೈಬ್ರಿಡ್: ರಕ್ಷಕ್, ಸಾಮ್ರಾಟ್, ಅಭೇದ್

2010ರಲ್ಲಿ ಅದೇ ಹೆಸರಘಟ್ಟದ ಸಂಸ್ಥೆಯಿಂದ ಹೊರಬಂದ ಅರ್ಕಾ ರಕ್ಷಕ್ ನಮ್ಮಲ್ಲಿ ಬಹಳ ಮಾತಿಗೆ ಕಾರಣವಾಯಿತು. ಎಲೆ ಮುಟುರು, ದುಂಡಾಣು ಸೊರಗು, ಮೊದಲ ಅಂಗಮಾರಿ ಮೂರನ್ನೂ ಒಂದೇ ಗಿಡ ತಡೆಯುತ್ತದೆ ಎನ್ನುವುದು ಆಗ ಹೊಸ ಸಂಗತಿ. ಅದನ್ನು ರೂಪಿಸಿದವರು ಎ.ಟಿ. ಸದಾಶಿವ ಎಂಬ ತಳಿವಿಜ್ಞಾನಿ. ಸಂಸ್ಥೆ ಕೊಡುವ ಅಂದಾಜು ಹೆಕ್ಟೇರಿಗೆ 75–80 ಟನ್, ಅಂದರೆ ಎಕರೆಗೆ 2,000 ಬಾಕ್ಸಿನ ಆಸುಪಾಸು. ಒಂದೇ ಗಿಡದಲ್ಲಿ 19 ಕೆಜಿ ಬಂದ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ಬೀಜಕ್ಕೆ ಜನ ಸಾಲುಗಟ್ಟಿದರು. ಆ 19 ಕೆಜಿಯನ್ನು ಗಿಡಗಳ ಸಂಖ್ಯೆಯಿಂದ ಗುಣಿಸಿ ಸಾಲ ಮಾಡಬೇಡಿ. ಅದು ಚೆನ್ನಾಗಿ ಸಾಕಿದ ಒಂದು ತೋಟದ ದಾಖಲೆ, ಸರಾಸರಿಯಲ್ಲ.

ಸಾಮ್ರಾಟ್ ಅದೇ ಮೂರು ರೋಗಗಳಿಗೆ. ಕಾಯಿ ಸ್ವಲ್ಪ ದಪ್ಪ, ದುಂಡು. ರಕ್ಷಕ್‌ದು ಚೌಕದ ಕಡೆಗೆ ವಾಲಿದ ದುಂಡು, ಸಿಪ್ಪೆ ಗಟ್ಟಿ, ಕೆಚಪ್ ಕಾರ್ಖಾನೆಗೂ ಆಗುತ್ತದೆ. ನಿಮ್ಮ ಮಂಡಿಯಲ್ಲಿ ಯಾವ ಆಕಾರಕ್ಕೆ ಬೆಲೆ ಜಾಸ್ತಿ ಎನ್ನುವುದೇ ಇವೆರಡರ ನಡುವಿನ ತೀರ್ಮಾನ. ಬೇರೆ ವ್ಯತ್ಯಾಸ ಹುಡುಕಿಕೊಂಡು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಆಮೇಲೆ ಬಂದ ಅಭೇದ್ ಮಾತ್ರ ಬೇರೆ. ಅದು ನಾಲ್ಕನೆಯದಾಗಿ ಕೊನೆಯ ಅಂಗಮಾರಿಯನ್ನೂ ತಡೆಯುತ್ತದೆ. ಎಲೆ ಮುಟುರಿಗೂ ಟಿವೈ-2, ಟಿವೈ-3 ಎಂಬ ಎರಡು ವಂಶವಾಹಿಗಳನ್ನು ಜೋಡಿಸಿದ್ದಾರೆ. ಇದು ಯಾಕೆ ಮುಖ್ಯ? ಈ ವಂಶವಾಹಿಗಳು ಕಾಡು ಟೊಮೆಟೊಗಳಿಂದ ಬಂದವು. ಒಂದೇ ಬೀಗ ಹಾಕಿದ ಮನೆಯ ಕೀಲಿಯನ್ನು ನಂಜು ಬೇಗ ಕಂಡುಕೊಳ್ಳುತ್ತದೆ. ಎರಡು ಬೀಗವಿದ್ದರೆ ಹೆಚ್ಚು ವರ್ಷ ಬಾಳುತ್ತದೆ. ಹಿಂಗಾರಿನಲ್ಲಿ, ಅಂದರೆ ಸೆಪ್ಟೆಂಬರ್–ಅಕ್ಟೋಬರ್ ನಾಟಿಗೆ ಹೋಗುವವರು ಮೂರರಲ್ಲಿ ಒಂದನ್ನು ಆರಿಸುವುದಾದರೆ ನಾನು ಅಭೇದ್ ಅನ್ನುತ್ತೇನೆ. ಬೇಸಿಗೆಯ ನಾಟಿಗೆ ಕೊನೆಯ ಅಂಗಮಾರಿಯ ಭಯ ಕಡಿಮೆ, ಆಗ ರಕ್ಷಕ್, ಸಾಮ್ರಾಟ್ ಸಾಕು.

ದೂರು ಇಲ್ಲವೆಂದಲ್ಲ. ಬೇಕೆಂದಾಗ ಬೀಜ ಸಿಗುವುದಿಲ್ಲ, ಅದೇ ದೊಡ್ಡದು. ನಾಟಿಗೆ ಎರಡು ತಿಂಗಳ ಮುಂಚೆ ಕೇಳಿಟ್ಟುಕೊಳ್ಳದಿದ್ದರೆ ನರ್ಸರಿಯವರು ಇರುವುದನ್ನು ಕೊಟ್ಟು ಕಳಿಸುತ್ತಾರೆ. ಇವು ಎಫ್1 ಹೈಬ್ರಿಡ್, ಅಂದರೆ ಎರಡು ತಳಿ ಕೂಡಿಸಿದ ಮೊದಲ ತಲೆಮಾರು; ಆದ್ದರಿಂದ ಮನೆಯಲ್ಲಿ ಬೀಜ ತೆಗೆದರೆ ಮುಂದಿನ ಸಲ ಗಿಡಕ್ಕೊಂದು ಬುದ್ಧಿ. ನಮ್ಮ ಚಿಕ್ಕಪ್ಪ ಒಮ್ಮೆ ಹಾಗೆ ಮಾಡಿ, ಒಂದೇ ಸಾಲಿನಲ್ಲಿ ಉದ್ದ, ದುಂಡು, ಚಪ್ಪಟೆ ಮೂರು ಬಗೆ ಕಾಯಿ ಬಿಡಿಸಿದ್ದರು.

ಕಂಪನಿ ಹೈಬ್ರಿಡ್: ಪೊಟ್ಟಣದ ಹಿಂಬದಿ ಓದಿ

ಕೋಲಾರದ ಬಹುಪಾಲು ತಾಕಿನಲ್ಲಿ ಇರುವುದು ಸಾಹೋ ಮುಂತಾದ ಹೆಸರಿನ ಕಂಪನಿ ಹೈಬ್ರಿಡ್‌ಗಳೇ. ಅದಕ್ಕೆ ಕಾರಣವೂ ಇದೆ. ಕಾಯಿ ಒಂದೇ ಅಳತೆ, ಸಿಪ್ಪೆ ಗಟ್ಟಿ, ಹಣ್ಣು ಹಲವು ದಿನದ ಲಾರಿ ಪ್ರಯಾಣ ತಡೆದುಕೊಳ್ಳುತ್ತದೆ. ಮಂಡಿಯಲ್ಲಿ ತಳಿಯ ಹೆಸರು ಹೇಳಿದ ಕೂಡಲೇ ವ್ಯಾಪಾರಿಗೆ ಗುರುತು ಸಿಗುತ್ತದೆ. ದೂರದ ಊರಿಗೆ ಹೋಗುವ ಮಾಲಾದರೆ ಇವನ್ನು ಬಿಟ್ಟು ಮಾತಾಡುವುದು ಕಷ್ಟ.

ಆದರೆ ‘ವೈರಸ್ ಬರಲ್ಲ ಸಾರ್’ ಎನ್ನುವ ಅಂಗಡಿ ಮಾತನ್ನು ನಂಬುವ ಬದಲು ಪೊಟ್ಟಣದ ಹಿಂದೆ ಅಚ್ಚಾದ ಪುಟ್ಟ ಅಕ್ಷರ ಓದಿ. ಎಚ್‌ಆರ್ ಎಂದಿದ್ದರೆ ಹೆಚ್ಚಿನ ನಿರೋಧಕ ಶಕ್ತಿ, ಐಆರ್ ಎಂದಿದ್ದರೆ ನಡುತರದ್ದು. ಐಆರ್ ಇರುವ ಗಿಡ ನಂಜನ್ನು ಪೂರ್ತಿ ತಡೆಯುವುದಿಲ್ಲ, ನಂಜಿದ್ದೂ ಒಂದಿಷ್ಟು ಕಾಯಿ ಕೊಡುತ್ತದೆ, ಅಷ್ಟೆ. ಇನ್ನೊಂದು ಮೋಸ ಹೋಗುವ ಜಾಗವಿದೆ. ಟಿವೈಎಲ್‌ಸಿವಿ ಎಂದು ಬರೆದಿದ್ದರೆ ಅದು ಮೆಡಿಟರೇನಿಯನ್ ಕಡೆಯ ಹಳದಿ ಎಲೆ ಮುಟುರು ನಂಜಿನ ಹೆಸರು. ನಮ್ಮಲ್ಲಿರುವ ಎಲೆ ಮುಟುರು ನಂಜು, ಟಿಒಎಲ್‌ಸಿವಿ, ಅದರ ದಾಯಾದಿ, ಅದೇ ಅಲ್ಲ. ದಾಯಾದಿಗೆ ಹಾಕಿದ ಬೇಲಿ ಇವನನ್ನು ತಡೆದೀತು, ತಡೆಯದೆಯೂ ಇದ್ದೀತು. ದುಂಡಾಣು ಸೊರಗಿಗೆ ‘ಬಿಡಬ್ಲ್ಯು’ ಎಂಬ ಗುರುತು ಹುಡುಕಿ. ಇಲ್ಲದಿದ್ದರೆ ನಿಮ್ಮ ಲೋಟದ ನೀರಿನಲ್ಲಿ ಬಿಳಿ ಎಳೆ ಇಳಿದ ತಾಕಿಗೆ ಆ ಬೀಜ ಬೇಡವೇ ಬೇಡ, ಮಂಡಿಯಲ್ಲಿ ಎಷ್ಟೇ ಬೆಲೆಯಿರಲಿ.

ನಾವು ಈ ತಪ್ಪು ಮಾಡಿದ್ದೇವೆ. ಕೆರೆ ಕೆಳಗಿನ ತಾಕಿನಲ್ಲಿ ಹಿಂದಿನ ವರ್ಷ ಬದನೆ ಸೊರಗಿ ಸತ್ತಿತ್ತು. ಅದು ಗೊತ್ತಿದ್ದೂ, ಅಕ್ಕಪಕ್ಕದವರೆಲ್ಲ ಹಾಕಿದ್ದಾರೆಂದು ಹೆಸರುವಾಸಿ ಹೈಬ್ರಿಡ್ ನೆಟ್ಟೆವು. ಎರಡನೇ ಸಲ ಕಾಯಿ ಬಿಡಿಸುವ ಹೊತ್ತಿಗೆ ಅರ್ಧ ಸಾಲು ಒಣಗಿತ್ತು. ಬೀಜದ ತಪ್ಪಲ್ಲ, ಆ ಪೊಟ್ಟಣದಲ್ಲಿ ಸೊರಗಿನ ಮಾತೇ ಇರಲಿಲ್ಲ. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ನಾಲ್ಕೂ ಆ ಬ್ಯಾಕ್ಟೀರಿಯಾಕ್ಕೆ ಒಂದೇ ಮನೆಯ ಊಟ. ನಡುವೆ ರಾಗಿಯನ್ನೋ ಜೋಳವನ್ನೋ ಹಾಕಿ ನೆಲಕ್ಕೆ ಬಿಡುವು ಕೊಡಬೇಕಿತ್ತು.

ಕಸಿ ಸಸಿ: ನೆಲ ಕೆಟ್ಟಿದ್ದರೆ ಮಾತ್ರ

ಬದನೆಯ ಬುಡ, ಟೊಮೆಟೊ ತಲೆ. ಕೇಳಿದವರು ನಗುತ್ತಾರೆ, ಆದರೆ ಇದು ಹಳೆಯ, ಪರೀಕ್ಷೆಗೊಳಗಾದ ವಿದ್ಯೆ. ತೈವಾನಿನ ವಿಶ್ವ ತರಕಾರಿ ಕೇಂದ್ರವು ಇಜಿ 203 ಎಂಬ ಬದನೆಯನ್ನು ಬುಡಕ್ಕೆಂದು ಶಿಫಾರಸು ಮಾಡಿ ದಶಕಗಳೇ ಆದವು. ನಮ್ಮ ಬೇಲಿಗಳಲ್ಲಿ ಬೆಳೆಯುವ ಸುಂಡೆಕಾಯಿ ಗಿಡವೂ ಬುಡಕ್ಕೆ ಬಳಕೆಯಾಗುತ್ತದೆ. ಬದನೆಯ ಬೇರು ದುಂಡಾಣು ಸೊರಗನ್ನು ತಡೆಯುತ್ತದೆ, ನೀರು ನಿಂತ ಮಣ್ಣಿನಲ್ಲಿ ಟೊಮೆಟೊ ಬೇರಿಗಿಂತ ಹೆಚ್ಚು ದಿನ ಬದುಕುತ್ತದೆ. ಮಳೆಗಾಲದಲ್ಲಿ ಕೆರೆ ಕೆಳಗಿನ ಜಮೀನಿನವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ.

ಬೆಲೆ ಸಾದಾ ಟ್ರೇ ಸಸಿಯ ಹಲವು ಪಟ್ಟು. ನಾಲ್ಕಡಿ ಸಾಲು, ಒಂದೂವರೆ ಅಡಿಗೊಂದು ಗಿಡ ಎಂದರೆ ಎಕರೆಗೆ 7,260 ಸಸಿ ಬೇಕು. ಈ ಸಂಖ್ಯೆಯಿಂದ ಸಸಿ ಬೆಲೆಯ ವ್ಯತ್ಯಾಸವನ್ನು ಗುಣಿಸಿ ನೋಡಿ. ಹೋದ ಸಲ ಎಕರೆಗೆ ಎಷ್ಟು ಗಿಡ ಸೊರಗಿ ಸತ್ತಿತು, ಅವು ಎಷ್ಟು ಬಾಕ್ಸು ಕೊಡುತ್ತಿದ್ದವು ಎಂಬುದನ್ನು ಪಕ್ಕದಲ್ಲಿ ಬರೆಯಿರಿ. ನೂರಕ್ಕೆ ಐದು ಗಿಡ ಸತ್ತ ತಾಕಿಗೆ ಕಸಿ ಸಸಿ ದಂಡ. ನೂರಕ್ಕೆ ನಲವತ್ತು ಸತ್ತ ತಾಕಿಗೆ ಅದು ಅಗ್ಗ.

ಎಲೆ ಮುಟುರಿಗೆ, ಥ್ರಿಪ್ಸ್ ನಂಜಿಗೆ, ಅಂಗಮಾರಿಗೆ ಬುಡ ಏನೂ ಮಾಡದು. ಅವು ಗಾಳಿಯಲ್ಲಿ ಬಂದು ತಲೆಗೆ ತಗಲುವಂಥವು. ‘ಕಸಿ ಸಸಿ ಹಾಕಿದ್ದೀನಿ, ಔಷಧಿ ಹೊಡೆಯೋದೇ ಬೇಡ’ ಎಂದು ಕೂತವರು ಕೆಟ್ಟಿದ್ದಾರೆ. ತಲೆಗೆ ರೋಗ ತಡೆಯುವ ತಳಿಯನ್ನೇ ಕೂರಿಸಿದ್ದಾರಾ ಎಂದು ನರ್ಸರಿಯಲ್ಲಿ ಕೇಳಿ. ನಾಟಿ ಮಾಡುವಾಗ ಕಸಿ ಕಟ್ಟಿದ ಗಂಟು ಮಣ್ಣಿನಿಂದ ಮೇಲೆಯೇ ಇರಬೇಕು. ಕೂಲಿಯವರು ರೂಢಿಯಂತೆ ಸಸಿಯನ್ನು ಆಳವಾಗಿ ಒತ್ತಿದರೆ ಗಂಟಿನ ಮೇಲಿಂದ ಟೊಮೆಟೊ ಬೇರು ಬಿಡುತ್ತದೆ, ಬ್ಯಾಕ್ಟೀರಿಯಾ ಆ ದಾರಿಯಲ್ಲಿ ಬರುತ್ತದೆ, ಕೊಟ್ಟ ದುಡ್ಡು ಮಣ್ಣುಪಾಲು. ಇದೇ ಕಾರಣಕ್ಕೆ ಮಣ್ಣು ಏರು ಹಾಕುವುದೂ ಬೇಡ. ಬುಡದಿಂದ ಬದನೆ ಚಿಗುರು ಬಂದರೆ ಆಗಾಗ ಮುರಿಯುತ್ತಿರಿ.

ಪರದೆ, ಹಾಳೆ, ಚೆಂಡು ಹೂ: ದುಡ್ಡು ಯಾವುದಕ್ಕೆ ಮೊದಲು

ಸಸಿ ಆರಿಸಿದ ಮೇಲೆ ಕೈಯಲ್ಲಿ ಉಳಿದ ದುಡ್ಡಿಗೆ ಹಲವು ಬಾಯಿಗಳು. ನನ್ನ ಸರದಿ ಹೀಗೆ.

ಮೊದಲು ಸಸಿಮಡಿಯ ಪರದೆ. 40–50 ಮೆಶ್‌ನ, ಅಂದರೆ ಅಂಗುಲಕ್ಕೆ ಅಷ್ಟು ಕಣ್ಣುಗಳಿರುವ, ನೈಲಾನ್ ಪರದೆಯೊಳಗೆ, ತೆಂಗಿನ ನಾರಿನ ಪುಡಿ ತುಂಬಿದ ಟ್ರೇಯಲ್ಲಿ ಬೆಳೆದ 25 ದಿನದ ಸಸಿ ಬಿಳಿ ನೊಣದ ಮುಖ ಕಾಣದೆ ಹೊಲಕ್ಕೆ ಬರುತ್ತದೆ. ಇದಕ್ಕಿಂತ ಕಡಿಮೆ ಖರ್ಚಿನಲ್ಲಿ ಇದಕ್ಕಿಂತ ಹೆಚ್ಚು ಕೊಡುವ ಕೆಲಸ ಟೊಮೆಟೊದಲ್ಲಿ ಇಲ್ಲ. ಸಸಿಯನ್ನು ಕೊಳ್ಳುವವರು ನರ್ಸರಿಗೇ ಹೋಗಿ ಪರದೆ ಹರಿದಿದೆಯೇ, ಬಾಗಿಲು ಎರಡಿವೆಯೇ, ಪಕ್ಕದಲ್ಲೇ ಹಳೆಯ ಟೊಮೆಟೊ ತೋಟವಿದೆಯೇ ನೋಡಿ ಬನ್ನಿ. ಫೋನಿನಲ್ಲಿ ಆರ್ಡರ್ ಕೊಟ್ಟು ಆಟೋದಲ್ಲಿ ಸಸಿ ಇಳಿಸಿಕೊಳ್ಳುವ ಅಭ್ಯಾಸ ನನಗೆ ಹಿಡಿಸುವುದಿಲ್ಲ.

ಎರಡನೆಯದು ಬೆಳ್ಳಿ-ಕಪ್ಪು ಮಲ್ಚಿಂಗ್ ಹಾಳೆ ಮತ್ತು ಹನಿ ನೀರು. ಸಾವಿರ ಅಡಿ ಕೊರೆದ ಬೋರ್‌ವೆಲ್ ನೀರು ಕಳೆಗೆ ಹೋಗಬಾರದು ಎನ್ನುವುದು ಎಲ್ಲರಿಗೂ ಗೊತ್ತಿರುವ ಕಾರಣ. ಬೆಳ್ಳಿಯ ಹೊಳಪಿಗೆ ಬಿಳಿ ನೊಣ, ಥ್ರಿಪ್ಸ್ ಎಳೆ ಗಿಡದ ಮೇಲೆ ಇಳಿಯಲು ಹಿಂಜರಿಯುತ್ತವೆ ಎನ್ನುವುದು ಇನ್ನೊಂದು ಕಾರಣ. ಗಿಡ ಹಬ್ಬಿ ಹಾಳೆ ಮುಚ್ಚಿದ ಮೇಲೆ ಆ ಗುಣ ಹೋಗುತ್ತದೆ, ಆದರೆ ಅಷ್ಟರಲ್ಲಿ ಅಪಾಯದ ತಿಂಗಳು ಕಳೆದಿರುತ್ತದೆ. ನೀರು ಒಂದೇ ಸಮ ಸಿಗುವುದರಿಂದ ಕಾಯಿಯ ತಳ ಕಪ್ಪಾಗುವುದೂ ಕಡಿಮೆ. ಆ ಕಪ್ಪು ರೋಗವಲ್ಲ. ನೀರು ಏರುಪೇರಾಗಿ ಕಾಯಿಗೆ ಕ್ಯಾಲ್ಸಿಯಂ ತಲುಪದ ಗುರುತು. ಅದಕ್ಕೆ ಶಿಲೀಂಧ್ರನಾಶಕ ಹೊಡೆಯುವವರನ್ನು ನಾನು ಪ್ರತಿ ವರ್ಷ ನೋಡುತ್ತೇನೆ.

ಮೂರನೆಯದು ಸುತ್ತ ಜೋಳದ ಬೇಲಿ. ನಾಟಿಗೆ ಎರಡು ಮೂರು ವಾರ ಮೊದಲೇ ಬದುವಿನ ಗುಂಟ ಎರಡು ಮೂರು ಸಾಲು ಮುಸುಕಿನ ಜೋಳ. ಗಾಳಿಯ ಜೊತೆ ತೇಲಿ ಬರುವ ಥ್ರಿಪ್ಸ್‌ಗೆ ಇದು ತಡೆಗೋಡೆ. ಹೋದ ಸಲ ಮೊಗ್ಗು ಒಣಗುವ ನಂಜಿನಿಂದ ಬೆಳೆ ಹೋದವರಿಗೆ ಎಲೆ ಮುಟುರು ತಡೆಯುವ ಸಸಿ ಆಸರೆಯಾಗದು ಎಂದೆನಲ್ಲ, ಅವರಿಗೆ ಇದು, ನೀಲಿ ಅಂಟುಹಾಳೆ, ಬದುವಿನ ಕಾಂಗ್ರೆಸ್ ಗಿಡ ಕೀಳುವುದು, ರೋಗದ ಗಿಡವನ್ನು ಕಂಡ ದಿನವೇ ಕಿತ್ತು ಹೂಳುವುದು, ಇವೇ ಗತಿ. ಬಿಳಿ ನೊಣಕ್ಕಾದರೆ ಹಳದಿ ಹಾಳೆ.

ಚೆಂಡು ಹೂ ಅಗ್ಗ. 16 ಸಾಲು ಟೊಮೆಟೊಗೆ ಒಂದು ಸಾಲು ಎತ್ತರದ ಹಳದಿ ಚೆಂಡು ಹೂ ಎನ್ನುವುದು ಹೆಸರಘಟ್ಟದವರ ಶಿಫಾರಸು. ಚೆಂಡು ಹೂವಿನ ಸಸಿ 45 ದಿನದ್ದು, ಟೊಮೆಟೊ ಸಸಿ 25 ದಿನದ್ದು ಇರಬೇಕು. ಆಗಲೇ ಎರಡೂ ಒಟ್ಟಿಗೆ ಹೂವಾಗುತ್ತವೆ, ಕಾಯಿ ಕೊರೆಯುವ ಹುಳುವಿನ ಚಿಟ್ಟೆ ಟೊಮೆಟೊ ಬಿಟ್ಟು ಚೆಂಡು ಹೂವಿನ ಮೊಗ್ಗಿಗೆ ಮೊಟ್ಟೆ ಇಡುತ್ತದೆ. ಒಂದೇ ದಿನ ಎರಡರ ಬೀಜವನ್ನೂ ಹಾಕಿ ‘ಇದೆಲ್ಲ ಸುಳ್ಳು’ ಎನ್ನುವವರಿದ್ದಾರೆ. ಹಬ್ಬಕ್ಕೆ ಹೂ ಮಾರಿದ ದುಡ್ಡು ಹೇಗೂ ಕೈಗೆ ಬರುತ್ತದೆ.

ಆದರೆ ಹುಳು ಯಾವುದು ಎನ್ನುವುದನ್ನೂ ನೋಡಬೇಕು. ಕಾಯಿಯಲ್ಲಿ ದುಂಡು ತೂತು, ಅರ್ಧ ಮೈ ಹೊರಗೆ ಬಿಟ್ಟು ತಿನ್ನುವ ದಪ್ಪ ಹುಳು ಇದ್ದರೆ ಕಾಯಿಕೊರಕ. ತೊಟ್ಟಿನ ಸುತ್ತ ಗುಂಡುಸೂಜಿ ಚುಚ್ಚಿದಂಥ ಸಣ್ಣ ತೂತುಗಳು, ಎಲೆಯಲ್ಲಿ ಅಗಲವಾಗಿ ಒಣಗಿದ ಚೀಲದಂಥ ಮಚ್ಚೆಗಳು ಇದ್ದರೆ ಟೂಟಾ. ನಮ್ಮ ಕಡೆ ಹಲವರು ಊಜಿ ಎಂದು ಕರೆಯುವುದು ಇದನ್ನೇ. ದಕ್ಷಿಣ ಅಮೆರಿಕದ ಈ ಹುಳು 2006ರಲ್ಲಿ ಸ್ಪೇನ್‌ಗೆ, 2014ರಲ್ಲಿ ಭಾರತಕ್ಕೆ ಬಂತು. ಹಾವು ಹರಿದಂತೆ ತೆಳ್ಳನೆ ಬಿಳಿ ಗೆರೆ ಇದ್ದರೆ ಅದು ಹಳೆಯ ರಂಗೋಲಿ ಹುಳು, ಅಷ್ಟು ಗಾಬರಿ ಬೇಡ. ಟೂಟಾಗೆ ಚೆಂಡು ಹೂ ಆಗುವುದಿಲ್ಲ. ಅದರ ಗಂಡು ಚಿಟ್ಟೆಯನ್ನು ಸೆಳೆದು ಹಿಡಿಯಲೆಂದೇ ಇರುವ ಮೋಹಕ ಬಲೆ ಹಾಕಿ, ಮಚ್ಚೆಯ ಎಲೆ ಕಿತ್ತು ಸುಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಕೊನೆಯ ಕೊಯ್ಲಾದ ಮೇಲೆ ಗಿಡಗಳನ್ನು ತಾಕಿನಲ್ಲೇ ಒಣಗಲು ಬಿಡಬಾರದು. ರೇಟು ಬಿದ್ದಾಗ ಬೇಸರದಿಂದ ಬಿಟ್ಟುಹೋದ ತೋಟಗಳೇ ಅಕ್ಕಪಕ್ಕದ ಹೊಸ ನಾಟಿಗೆ ಹುಳು, ನಂಜು ಸಾಕುವ ಗೂಡುಗಳು.

ಪಾಲಿಹೌಸ್ ಬಗ್ಗೆ ಕೇಳುವವರಿಗೆ ಚಿಕ್ಕ ಉತ್ತರ: ಟೊಮೆಟೊಗೆ ಬೇಡ. ಬಯಲಿನಲ್ಲಿ ಇಷ್ಟು ಬೆಳೆಯುವ ಜಿಲ್ಲೆಯಲ್ಲಿ ಅದೇ ಹಣ್ಣನ್ನು ಮನೆ ಕಟ್ಟಿ ಬೆಳೆದರೆ ಬೆಲೆ ಅದೇ ಸಿಗುತ್ತದೆ, ಖರ್ಚು ಮಾತ್ರ ಮೇಲಕ್ಕೆ. ಆ ಮನೆಗೆ ಬಣ್ಣದ ದಪ್ಪ ಮೆಣಸಿನಕಾಯಿ ಸರಿ.

ಉಳಿದ ತರಕಾರಿಗೂ ಇದೇ ಪ್ರಶ್ನೆ

ಬದನೆಯಲ್ಲಿ ಸೊರಗಿದ್ದರೆ ಅರ್ಕಾ ಕೇಶವ್, ಅರ್ಕಾ ನಿಧಿ, ಅರ್ಕಾ ನೀಲಕಂಠ್ ಇವೆ. ಆದರೆ ಮೈಸೂರು ಬದನೆ, ಮಟ್ಟುಗುಳ್ಳದಂಥ ಊರ ರುಚಿಗೆ ಒಗ್ಗಿದ ಗಿರಾಕಿ ಅವನ್ನು ಒಪ್ಪುತ್ತಾನಾ ಎಂದು ಮೊದಲೇ ನೋಡಿಕೊಳ್ಳಿ. ಬೆಂಡೆಯ ಅರ್ಕಾ ಅನಾಮಿಕಾ ಒಂದು ಕಾಲಕ್ಕೆ ಹಳದಿ ನರ ನಂಜನ್ನು ಗಟ್ಟಿಯಾಗಿ ತಡೆಯುತ್ತಿತ್ತು, ವರ್ಷಗಳಾದ ಮೇಲೆ ಆ ಶಕ್ತಿ ಕುಂದಿತು. ಬೀಗದ ಮಾತು ಇಲ್ಲೂ ಅದೇ. ಮೆಣಸಿನಕಾಯಿಯ ಎಲೆ ಮುಟುರಿಗೆ ಅರ್ಕಾ ತೇಜಸ್ವಿ, ಅರ್ಕಾ ಯಶಸ್ವಿ ಮುಂತಾದ ಹೈಬ್ರಿಡ್‌ಗಳು ಬಂದಿವೆ. ಆದರೆ ಥ್ರಿಪ್ಸ್‌ನಿಂದಲೂ ನುಸಿಯಿಂದಲೂ ಎಲೆ ಮುದುಡುತ್ತದೆ. ಥ್ರಿಪ್ಸ್‌ನಿಂದಾದರೆ ಎಲೆ ದೋಣಿಯಂತೆ ಮೇಲಕ್ಕೆ, ನುಸಿಯಿಂದಾದರೆ ಕವುಚಿ ಕೆಳಕ್ಕೆ ಮಡಚುತ್ತದೆ. ಅದನ್ನು ನಂಜೆಂದು ತಿಳಿದು ದುಬಾರಿ ಬೀಜ ತಂದರೆ ವ್ಯರ್ಥ. ಕೋಸಿನ ಹುಳುವಿಗೆ, ಟೊಮೆಟೊಗೆ ಚೆಂಡು ಹೂವಿನ ಹಾಗೆಯೇ, 25 ಸಾಲಿಗೆ ಎರಡು ಸಾಲು ಸಾಸಿವೆ. ಸಾಸಿವೆ ಮನೆಯಲ್ಲೇ ಇರುವುದರಿಂದ ಅದಕ್ಕೆ ಲೆಕ್ಕವೇ ಬೇಡ.

ಈ ಸಲ ನಮ್ಮಲ್ಲಿ

ಕೆರೆ ಕೆಳಗಿನ ಮುಕ್ಕಾಲು ಎಕರೆಗೆ ಈಗ ರಾಗಿ. ಆಮೇಲೆ ಬದನೆ ಬುಡದ ಕಸಿ ಸಸಿ, ತಲೆ ರಕ್ಷಕ್. ಮೇಲಿನ ಕೆಂಪು ಮಣ್ಣಿನ ಒಂದೂವರೆ ಎಕರೆಯಲ್ಲಿ ಸೊರಗು ಎಂದೂ ಬಂದಿಲ್ಲ, ಎಲೆ ಮುಟುರು ಮಾತ್ರ ಬಂದಿದೆ. ಅಲ್ಲಿ ಒಂದು ಎಕರೆ ಕಂಪನಿ ಹೈಬ್ರಿಡ್, ದೂರದ ವ್ಯಾಪಾರಕ್ಕೆ. ಉಳಿದ ಅರ್ಧ ಎಕರೆ ಅಭೇದ್, ಪಕ್ಕದಲ್ಲೇ ಇಟ್ಟು ನೋಡುವುದಕ್ಕೆ. ಬೇರೆಯವರ ಹೊಲದ ಫಲಿತಾಂಶಕ್ಕಿಂತ ನಮ್ಮ ನೆಲದಲ್ಲಿ ನಾಲ್ಕು ಸಾಲು ಬೆಳೆದು ನೋಡಿದ್ದು ಹೆಚ್ಚು ಉಪಯೋಗಕ್ಕೆ ಬಂದಿದೆ. ಮನೆ ಹಿತ್ತಲಿನಲ್ಲಿ ನಂದಿ ಹತ್ತು ಗಿಡ, ಅವ್ವನ ಸಾರಿಗೆ.

ಇನ್ನೊಂದು ಕೆಲಸ ಮಾಡುತ್ತೇವೆ. ಮೂರು ವರ್ಷದ ಹಿಂದೆ ಒಂದು ನರ್ಸರಿಯಲ್ಲಿ ಹೇಳಿದ ತಳಿ ಬಿಟ್ಟು ಬೇರೆಯದನ್ನು ಕೊಟ್ಟಿದ್ದರು. ಕಾಯಿ ಬಿಟ್ಟ ಮೇಲೆ ಗೊತ್ತಾಯಿತು, ಕೇಳಲು ಹೋದರೆ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಅಂದಿನಿಂದ ನಮ್ಮ ಬೀಜದ ಪೊಟ್ಟಣವನ್ನು ನಾವೇ ಕೊಂಡು ನರ್ಸರಿಗೆ ಕೊಡುತ್ತೇವೆ. ಖಾಲಿ ಪೊಟ್ಟಣ, ಬಿಲ್ಲು, ಬಿತ್ತಿದ ದಿನ ಮತ್ತು ಲಾಟ್ ನಂಬರು ಬರೆದ ಕಾಗದ ಮೂರನ್ನೂ ದಾರದಲ್ಲಿ ಕಟ್ಟಿ ಪಂಪ್‌ಸೆಟ್ ಮನೆಯ ಮೊಳೆಗೆ ನೇತುಹಾಕುತ್ತೇವೆ. ಕೊಯ್ಲು ಮುಗಿದ ಮೇಲೆ ಅದೇ ಕಾಗದದ ಹಿಂಬದಿಗೆ ಎಷ್ಟು ಬಾಕ್ಸು ಬಂತು, ಎಷ್ಟು ಗಿಡ ಸತ್ತಿತು, ಯಾವುದರಿಂದ ಸತ್ತಿತು ಎಂದು ಅಣ್ಣ ಬರೆದಿಡುತ್ತಾನೆ. ಡಿಸೆಂಬರಿನಲ್ಲಿ ಫೋನು ಬಂದಾಗ ನಾನು ಮೊದಲು ತೆಗೆದು ನೋಡುವುದು ಆ ಕಾಗದವನ್ನೇ.